ಪುನಃಸ್ಥಾಪಿತ ಪ್ರೇರಿಯ ನೆರೆಯಲ್ಲಿ ಮನೆದೋಟ: ಆಕ್ರಮಣಕಾರಿಯಲ್ಲದ ಸಸ್ಯಗಳ ಆಯ್ಕೆ

1. ಪೀಠಿಕೆ

ಉತ್ತರ ಅಮೆರಿಕದ ಮಧ್ಯಭಾಗದಲ್ಲಿ ಹರಡಿಕೊಂಡಿದ್ದ ವಿಶಾಲ ಹುಲ್ಲುಭೂಮಿಗೆ ‘ಪ್ರೇರಿ’ ಎಂದು ಹೆಸರು. ಆ ಪ್ರದೇಶಕ್ಕೆ ಮೊದಲು ಬಂದ ಫ್ರೆಂಚರು ತಮ್ಮ ಭಾಷೆಯಲ್ಲಿ ಹುಲ್ಲುಬಯಲು ಎಂಬ ಅರ್ಥವಿದ್ದ ಪದವನ್ನೇ ಅದಕ್ಕೆ ಬಳಸಿದರು. ಕನ್ನಡದಲ್ಲಿ ಇದಕ್ಕೆ ಸಂವಾದಿಯಾಗಿ ‘ಹುಲ್ಲುಗಾವಲು’ ಎಂಬ ಪದವಿದೆ. ಹುಲ್ಲು ಮತ್ತು ಕಾವಲು ಎಂಬ ಎರಡು ಪದಗಳು ಕೂಡಿ ಆದ ಈ ಸಮಾಸದಲ್ಲಿ ಕಾಯುವಿಕೆಯ ಅರ್ಥವೂ ಅಡಗಿದೆ. ಪ್ರಸ್ತುತ ವಿಷಯಕ್ಕೆ ಈ ಅರ್ಥ ವಿಶೇಷವಾಗಿ ಹೊಂದುತ್ತದೆ. ಏಕೆಂದರೆ, ಉಳಿದಿರುವ ಅಲ್ಪಸ್ವಲ್ಪ ಪ್ರೇರಿಯಾಗಲಿ, ಮತ್ತೆ ಬೆಳೆಸಿದ ಪ್ರೇರಿಯಾಗಲಿ, ಕಾಯುವವರಿಲ್ಲದೆ ಇಂದು ಉಳಿಯಲಾರದು.

ಇತ್ತೀಚಿನ ದಶಕಗಳಲ್ಲಿ ಅಮೆರಿಕದ ಇಲಿನಾಯ್, ವಿಸ್ಕಾನ್ಸಿನ್, ಅಯೋವ, ಮಿನೆಸೋಟ ರಾಜ್ಯಗಳ ಪುನಃಸ್ಥಾಪಿತ ಪ್ರೇರಿಗಳ ಅಂಚಿನವರೆಗೂ ವಸತಿ ಬಡಾವಣೆಗಳು ಬೆಳೆದಿವೆ. ಷಿಕಾಗೋ ನಗರದ ಪಶ್ಚಿಮಕ್ಕಿರುವ ನೇಪರ್‌ವಿಲ್‌ನಲ್ಲಿ ಸ್ಪ್ರಿಂಗ್‌ಬ್ರೂಕ್ ಪ್ರೇರಿಯ ಸುತ್ತಲೂ ಮನೆಗಳಿವೆ. ಇಂತಹ ಮನೆಯೊಂದರ ಹಿತ್ತಿಲಿನಲ್ಲಿ ಯಾವ ಗಿಡವನ್ನು ನೆಡಬೇಕು ಎಂಬ ಪ್ರಶ್ನೆ ಮೇಲುನೋಟಕ್ಕೆ ಗೃಹಸ್ಥನ ಅಭಿರುಚಿಗೆ ಸೇರಿದ್ದು. ಆದರೆ ತೋಟದ ಬೇಲಿ ಮನುಷ್ಯರಿಗೆ ಮಾತ್ರ ಗಡಿ. ಬೀಜಕ್ಕೆ, ಪರಾಗಕ್ಕೆ, ಬೇರಿಗೆ ಅದು ಗಡಿಯಲ್ಲ. ಹೀಗಾಗಿ ಹಲವು ದಶಕಗಳ ಪುನಃಸ್ಥಾಪನೆಯ ಶ್ರಮ ನೆರೆಯ ತೋಟದ ಒಂದು ಆಯ್ಕೆಯಿಂದ ಕೆಡುವ ಸಾಧ್ಯತೆ ಇದೆ. ಈ ಆಯ್ಕೆಗೆ ಆಧಾರವಾಗಬೇಕಾದ ತತ್ತ್ವಗಳನ್ನು ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ. ಸಸ್ಯ ಎಲ್ಲಿಂದ ಬಂದದ್ದು ಎಂಬುದೊಂದೇ ಮಾನದಂಡವಾಗಲಾರದು; ಅದು ಬೇಲಿಯನ್ನು ದಾಟುವುದೇ, ದಾಟಿದರೆ ಅದನ್ನು ಹಿಂದಕ್ಕೆ ಸರಿಸಲು ಸಾಧ್ಯವೇ ಎಂಬ ಎರಡು ಪ್ರಶ್ನೆಗಳೇ ಮುಖ್ಯ ಎಂಬುದು ಇಲ್ಲಿನ ಪ್ರತಿಪಾದನೆ.

2. ಪ್ರೇರಿಯ ನಾಶ ಮತ್ತು ಪುನಃಸ್ಥಾಪನೆ

ಎತ್ತರದ ಹುಲ್ಲಿನ ಪ್ರೇರಿ ಒಂದು ಕಾಲಕ್ಕೆ ಸುಮಾರು 17 ಕೋಟಿ ಎಕರೆಗಳಷ್ಟು ವ್ಯಾಪಿಸಿತ್ತೆಂದು ಅಂದಾಜು ಮಾಡಲಾಗಿದೆ. ಅದರಲ್ಲಿ ಈಗ ಉಳಿದಿರುವುದು ಶೇಕಡ 4ಕ್ಕಿಂತ ಕಡಿಮೆ. ಉಳಿದುದರಲ್ಲಿಯೂ ಹೆಚ್ಚಿನ ಪಾಲು ಕ್ಯಾನ್ಸಸ್ ಮತ್ತು ಒಕ್ಲಹೋಮ ರಾಜ್ಯಗಳ ಫ್ಲಿಂಟ್ ಹಿಲ್ಸ್ ಪ್ರದೇಶದಲ್ಲಿದೆ. ಅಲ್ಲಿನ ಕಲ್ಲುನೆಲ ನೇಗಿಲಿಗೆ ಒಗ್ಗದಿದ್ದುದೇ ಅದಕ್ಕೆ ಕಾರಣ. ಉಳಿದೆಡೆ, ಆಳವಾಗಿ ಹೆಣೆದುಕೊಂಡ ಹುಲ್ಲಿನ ಬೇರುಗಳನ್ನು ಕತ್ತರಿಸಬಲ್ಲ ಉಕ್ಕಿನ ನೇಗಿಲನ್ನು 1837ರಲ್ಲಿ ಜಾನ್ ಡಿಯರ್ ಸಿದ್ಧಪಡಿಸಿದ ನಂತರ ಒಂದೆರಡು ತಲೆಮಾರುಗಳಲ್ಲಿ ಪ್ರೇರಿ ಜೋಳ ಮತ್ತು ಗೋಧಿಯ ಹೊಲವಾಯಿತು. ‘ಪ್ರೇರಿ ರಾಜ್ಯ’ವೆಂದೇ ಹೆಸರಾದ ಇಲಿನಾಯ್‌ನಲ್ಲಿ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಸುಮಾರು 2 ಕೋಟಿ 20 ಲಕ್ಷ ಎಕರೆ ಪ್ರೇರಿಯಿತ್ತು. 1970ರ ದಶಕದಲ್ಲಿ ನಡೆದ ಆ ರಾಜ್ಯದ ನೈಸರ್ಗಿಕ ಪ್ರದೇಶಗಳ ಸಮೀಕ್ಷೆಗೆ ದೊರೆತ ಉತ್ತಮ ಸ್ಥಿತಿಯ ಪ್ರೇರಿ ಕೇವಲ 2,300 ಎಕರೆಗಳಷ್ಟು. ರೈಲುಹಳಿಗಳ ಬದಿಯಲ್ಲಿ ಮತ್ತು ಮೊದಲ ವಲಸೆಗಾರರ ಹಳೆಯ ಸ್ಮಶಾನಗಳಲ್ಲಿ, ಅಂದರೆ ನೇಗಿಲು ಹೋಗದ ತುಂಡುನೆಲಗಳಲ್ಲಿ ಅದು ಉಳಿದುಕೊಂಡಿತ್ತು.

ಕಳೆದುಹೋದುದನ್ನು ಮತ್ತೆ ಬೆಳೆಸುವ ಪ್ರಯತ್ನ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಮ್ಯಾಡಿಸನ್ ಸಸ್ಯೋದ್ಯಾನದಲ್ಲಿ 1930ರ ದಶಕದಲ್ಲಿ ಆರಂಭವಾಯಿತು. 1934ರಲ್ಲಿ ಉದ್ಯಾನದ ಉದ್ಘಾಟನೆಯ ಸಂದರ್ಭದಲ್ಲಿ ಆಲ್ಡೊ ಲಿಯೊಪೋಲ್ಡ್ ಅವರು ಮೂಲ ವಿಸ್ಕಾನ್ಸಿನ್ನಿನ ಒಂದು ಮಾದರಿಯನ್ನು ಪುನರ್ನಿರ್ಮಿಸುವ ಆಶಯವನ್ನು ಮುಂದಿಟ್ಟರು. ಸರ್ಕಾರದ ಉದ್ಯೋಗ ಯೋಜನೆಯಡಿ ಬಂದ ಯುವಕರ ನೆರವಿನಿಂದ ಥಿಯೋಡರ್ ಸ್ಪೆರಿ ಅವರ ಮೇಲ್ವಿಚಾರಣೆಯಲ್ಲಿ ಹಳೆಯ ಕೃಷಿಭೂಮಿಯ ಮೇಲೆ ಪ್ರೇರಿಯ ಹುಲ್ಲುಗಳನ್ನೂ ಹೂಗಿಡಗಳನ್ನೂ ನೆಡಲಾಯಿತು. ಇದೇ ಇಂದಿನ ಕರ್ಟಿಸ್ ಪ್ರೇರಿ. ಪುನಃಸ್ಥಾಪಿತ ಪ್ರೇರಿಗಳಲ್ಲಿ ಇದನ್ನು ಅತ್ಯಂತ ಹಳೆಯದೆಂದು ಪರಿಗಣಿಸಲಾಗಿದೆ. ನಂತರ 1962ರಲ್ಲಿ ಇಲಿನಾಯ್‌ನ ಮಾರ್ಟನ್ ಸಸ್ಯೋದ್ಯಾನದಲ್ಲಿ ರೇ ಶುಲನ್‌ಬರ್ಗ್ ಅವರೂ, 1975ರಲ್ಲಿ ಫರ್ಮಿಲ್ಯಾಬ್‌ನ ಕಣವೇಗವರ್ಧಕದ ವರ್ತುಲದೊಳಗೆ ರಾಬರ್ಟ್ ಬೆಟ್ಜ್ ಅವರೂ ಇಂತಹ ಕಾರ್ಯವನ್ನು ಕೈಗೊಂಡರು.

ಕರ್ಟಿಸ್ ಪ್ರೇರಿಯ ಅನುಭವದಿಂದ ಎರಡು ಪಾಠಗಳು ದೊರೆಯುತ್ತವೆ. ಮೊದಲನೆಯದು ಬೆಂಕಿಗೆ ಸಂಬಂಧಿಸಿದ್ದು. ಯೂರೋಪಿನಿಂದ ಬಂದ ಕೆಂಟಕಿ ಬ್ಲೂಗ್ರಾಸ್ ಎಂಬ ಹುಲ್ಲು ಪ್ರೇರಿಯ ಸಸ್ಯಗಳನ್ನು ಒತ್ತರಿಸುತ್ತಿದ್ದಾಗ ಜಾನ್ ಕರ್ಟಿಸ್ ಮತ್ತು ಮ್ಯಾಕ್ಸ್ ಪಾರ್ಚ್ ಬೆಂಕಿಯನ್ನು ಪ್ರಯೋಗಿಸಿ, 1948ರಲ್ಲಿ ತಮ್ಮ ಫಲಿತಾಂಶವನ್ನು ಪ್ರಕಟಿಸಿದರು. ಬ್ಲೂಗ್ರಾಸ್ ತಂಪಿನ ಕಾಲದಲ್ಲಿ ಬೇಗ ಚಿಗುರುವ ಹುಲ್ಲು. ಪ್ರೇರಿಯ ಹುಲ್ಲುಗಳು ಬಿಸಿಲು ಬಲಿತ ಮೇಲೆ ನೆಲದಡಿಯ ಬೇರುಗಳಿಂದ ಚಿಗುರುವಂಥವು. ಆದ್ದರಿಂದ ಋತುವರಿತು ಹಚ್ಚಿದ ಬೆಂಕಿ ಮೊದಲನೆಯದನ್ನು ಕುಗ್ಗಿಸಿ ಎರಡನೆಯದಕ್ಕೆ ಅನುಕೂಲ ಮಾಡಿಕೊಡುತ್ತದೆ. ಆ ನೆಲದ ಮೂಲನಿವಾಸಿಗಳು ಬಹುಕಾಲದಿಂದ ಬಳಸಿದ ಉಪಾಯಕ್ಕೆ ಹೀಗೆ ಪ್ರಾಯೋಗಿಕ ಆಧಾರ ದೊರೆಯಿತು. ಎರಡನೆಯ ಪಾಠ ನೆರೆಹೊರೆಗೆ ಸಂಬಂಧಿಸಿದ್ದು. ಸುತ್ತಲಿನ ನಗರದ ಮಳೆನೀರು ಪೋಷಕಾಂಶಗಳನ್ನೂ ಮಣ್ಣನ್ನೂ ಹೊತ್ತು ಪ್ರೇರಿಯ ತಗ್ಗಿನ ಭಾಗಕ್ಕೆ ಹರಿದು ಬಂದುದರಿಂದ ಅಲ್ಲಿ ರೀಡ್ ಕ್ಯಾನರಿ ಎಂಬ ಮೇವಿನ ಹುಲ್ಲು ದಟ್ಟವಾಗಿ ಬೆಳೆದು, ಹಲವಾರು ಜಾತಿಗಳಿದ್ದ ಕಡೆ ಒಂದೇ ಜಾತಿ ಉಳಿಯುವಂತಾಯಿತು. ಪ್ರೇರಿಯ ಭವಿಷ್ಯ ಅದರ ಗಡಿಯ ಹೊರಗೂ ನಿರ್ಧಾರವಾಗುತ್ತದೆ ಎಂಬುದಕ್ಕೆ ಇದು ಸ್ಪಷ್ಟ ನಿದರ್ಶನ.

3. ಪರಕೀಯ ಮತ್ತು ಆಕ್ರಮಣಕಾರಿ: ಪರಿಭಾಷೆಯ ಸ್ಪಷ್ಟನೆ

ಈ ಎರಡು ಪದಗಳನ್ನು ಸಮಾನಾರ್ಥಕಗಳಂತೆ ಬಳಸುವುದುಂಟು. ಇದು ಸರಿಯಲ್ಲ. ಒಂದು ಪ್ರದೇಶಕ್ಕೆ ಮನುಷ್ಯನ ಮೂಲಕ ಹೊರಗಿನಿಂದ ಬಂದ ಸಸ್ಯ ಪರಕೀಯ. ಹಾಗೆ ಬಂದ ಸಸ್ಯಗಳಲ್ಲಿ ಯಾರ ನೆರವೂ ಇಲ್ಲದೆ ಸಂತತಿಯನ್ನು ಹೆಚ್ಚಿಸಿಕೊಂಡು, ನೈಸರ್ಗಿಕ ಸಮುದಾಯಗಳೊಳಗೆ ನುಗ್ಗಿ, ಅಲ್ಲಿನ ಜಾತಿಗಳನ್ನು ಹೊರದೂಡುವಂಥವು ಆಕ್ರಮಣಕಾರಿ. ಪರಕೀಯ ಸಸ್ಯಗಳಲ್ಲಿ ಬಹುಪಾಲು ಆಕ್ರಮಣಕಾರಿಗಳಾಗುವುದಿಲ್ಲ. ಚೀನಾ ಮೂಲದ ಪಿಯೋನಿ ಅಮೆರಿಕದ ಹಳೆಯ ತೋಟಗಳಲ್ಲಿ ನೆಟ್ಟ ಜಾಗದಲ್ಲಿಯೇ ದಶಕಗಟ್ಟಲೆ ಹೂಬಿಡುತ್ತ ನಿಂತಿರುತ್ತದೆ.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ಇದೆ. ಈಸ್ಟರ್ನ್ ರೆಡ್ ಸೀಡರ್ ಎಂದು ಕರೆಯಲಾಗುವ ಜುನಿಪರ್ ಜಾತಿಯ ಮರ ಉತ್ತರ ಅಮೆರಿಕದ್ದೇ. ಗಾಳಿತಡೆಯಾಗಿ ಮನೆಗಳ ಸುತ್ತ ನೆಟ್ಟ ಈ ಮರದ ಬೀಜಗಳನ್ನು ಹಕ್ಕಿಗಳು ಒಯ್ಯುತ್ತವೆ. ಬೆಂಕಿ ನಿಂತುಹೋದ ಹುಲ್ಲುಗಾವಲು ಇದರಿಂದಾಗಿ ಮರಗಾಡಾಗುತ್ತದೆ. ಆದರೆ ಈ ಮರ ಸುಟ್ಟರೆ ಬುಡದಿಂದ ಮತ್ತೆ ಚಿಗುರುವುದಿಲ್ಲ. ಎಂದರೆ ಬೆಂಕಿಯನ್ನು ಕ್ರಮವಾಗಿ ಬಳಸುವ ಪ್ರೇರಿಯಲ್ಲಿ ಇದರ ಎಳೆಯ ಗಿಡಗಳನ್ನು ಹತೋಟಿಯಲ್ಲಿಡಬಹುದು. ‘ಸ್ಥಳೀಯ’ ಎಂಬ ಹಣೆಪಟ್ಟಿ ನಿರಪಾಯದ ಖಾತರಿಯಲ್ಲ, ‘ಪರಕೀಯ’ ಎಂಬುದು ಅಪಾಯದ ಖಾತರಿಯೂ ಅಲ್ಲ.

4. ತೋಟದಿಂದ ಪ್ರೇರಿಗೆ: ಪ್ರಸರಣದ ಮಾರ್ಗಗಳು

ತೋಟದ ಸಸ್ಯಗಳು ಬೇಲಿಯನ್ನು ದಾಟುವ ಮಾರ್ಗಗಳನ್ನು ಆರಾಗಿ ವಿಂಗಡಿಸಬಹುದು.

ಮೊದಲನೆಯದು ಗಾಳಿ. ಪೂರ್ವ ಏಷ್ಯಾ ಮೂಲದ ಮಿಸ್ಕಾಂಥಸ್ ಹುಲ್ಲನ್ನು ಅದರ ಬೆಳ್ಳಿಯಂತಹ ತೆನೆಗಾಗಿ ಅಂಗಳದಲ್ಲಿ ಬೆಳೆಸುತ್ತಾರೆ. ಅದರ ರೋಮಸಹಿತ ಬೀಜ ಗಾಳಿಯಲ್ಲಿ ಸುಲಭವಾಗಿ ತೇಲಬಲ್ಲದು.

ಎರಡನೆಯದು ಹಕ್ಕಿ. ನಮ್ಮ ಎಲಚಿಯ ಕುಟುಂಬಕ್ಕೆ ಸೇರಿದ ಬಕ್‌ಥಾರ್ನ್ ಯೂರೋಪಿನಿಂದ ಬೇಲಿಗಿಡವಾಗಿ ಬಂದದ್ದು. ಏಷ್ಯಾದ ಪೊದೆ ಹನಿಸಕಲ್, ಜಪಾನಿ ಬಾರ್ಬೆರಿ, ಶರತ್ಕಾಲದಲ್ಲಿ ಕೆಂಪಾಗುವ ಬರ್ನಿಂಗ್ ಬುಷ್, ಓರಿಯೆಂಟಲ್ ಬಿಟರ್‌ಸ್ವೀಟ್ ಬಳ್ಳಿ ಇವೆಲ್ಲವೂ ಅಲಂಕಾರಕ್ಕಾಗಿ ನೆಟ್ಟ, ಹಕ್ಕಿಗಳು ಪಸರಿಸಿದ ಸಸ್ಯಗಳು. ಹಕ್ಕಿ ತಿನ್ನುವ ಹಣ್ಣಿನ ವಿಷಯದಲ್ಲಿ ತೋಟಕ್ಕೂ ಪ್ರೇರಿಗೂ ಇರುವ ನಾಲ್ಕಾರು ಮಾರು ಅಂತರಕ್ಕೆ ಅರ್ಥವಿಲ್ಲ ಎಂಬುದನ್ನು ಗಮನಿಸಬೇಕು.

ಮೂರನೆಯದು ನೀರು. ಚರಂಡಿ, ತೊರೆ ಮತ್ತು ತಗ್ಗುಗಳ ಮೂಲಕ ಸಣ್ಣ ಬೀಜಗಳು ಸಾಗುತ್ತವೆ. ಮುಂದೆ ಚರ್ಚಿಸಲಿರುವ ಪರ್ಪಲ್ ಲೂಸ್‌ಸ್ಟ್ರೈಫ್ ಇದಕ್ಕೆ ಮುಖ್ಯ ಉದಾಹರಣೆ.

ನಾಲ್ಕನೆಯದು ನೆಲದಡಿಯ ಕಾಂಡ. ಮಣ್ಣುಕೊರೆತವನ್ನು ತಡೆಯಲೆಂದು ರಸ್ತೆಬದಿಯ ಇಳಿಜಾರುಗಳಲ್ಲಿಯೂ ಮನೆಗಳಲ್ಲಿಯೂ ಬೆಳೆಸಿದ ಕ್ರೌನ್ ವೆಚ್ ಎಂಬ ದ್ವಿದಳ ಸಸ್ಯ ನೆಲದಡಿಯಲ್ಲಿಯೇ ಹಬ್ಬಿ ಚಾಪೆಯಂತೆ ಮುಚ್ಚಿಕೊಳ್ಳುತ್ತದೆ. ಬೇರೂರಿದ ಮೇಲೆ ಬೆಂಕಿಯಿಂದಲೂ ಇದು ನಾಶವಾಗುವುದಿಲ್ಲ.

ಐದನೆಯದು ಮನುಷ್ಯನ ಕೈ. ‘ಕಾಡುಹೂಗಳ ಮಿಶ್ರಣ’ ಎಂದು ಮಾರಾಟವಾಗುವ ಬೀಜದ ಪೊಟ್ಟಣಗಳಲ್ಲಿ ಯೂರೋಪಿನ ಡೇಮ್ಸ್ ರಾಕೆಟ್ ಮತ್ತು ಆಕ್ಸ್‌ಐ ಡೈಸಿ ಸೇರಿರುವುದುಂಟು. ಡೇಮ್ಸ್ ರಾಕೆಟ್ ನೋಡಲು ಸ್ಥಳೀಯ ಫ್ಲಾಕ್ಸ್‌ನಂತಿದ್ದು, ಅನೇಕರು ಅದನ್ನು ಪ್ರೇರಿಯ ಹೂವೆಂದೇ ತಿಳಿಯುತ್ತಾರೆ. ಮೊದಲನೆಯದಕ್ಕೆ ನಾಲ್ಕು ದಳ, ಎರಡನೆಯದಕ್ಕೆ ಐದು ದಳ ಎಂಬುದೇ ಗುರುತಿಸುವ ಸರಳ ಲಕ್ಷಣ. ಇದಕ್ಕಿಂತ ಗಮನಾರ್ಹವಾದುದು ಟೀಸಲ್ ಎಂಬ ಮುಳ್ಳುತೆನೆಯ ಗಿಡದ ಕಥೆ. ಒಣಗಿದರೂ ಕೆಡದ ಇದರ ತೆನೆಯನ್ನು ಪುಷ್ಪಾಲಂಕಾರದಲ್ಲಿ ಬಳಸುತ್ತಾರೆ. ಸಮಾಧಿಗಳ ಮೇಲಿಟ್ಟ ಇಂತಹ ಅಲಂಕಾರಗಳಿಂದ ಬೀಜ ಉದುರಿ ಟೀಸಲ್ ಸ್ಮಶಾನಗಳಲ್ಲಿ ನೆಲೆಯೂರಿತು. ಮೂಲ ಪ್ರೇರಿಯ ಕೊನೆಯ ತುಣುಕುಗಳು ಉಳಿದಿದ್ದುದು ಹಳೆಯ ಸ್ಮಶಾನಗಳಲ್ಲಿಯೇ ಎಂಬುದನ್ನು ನೆನೆದರೆ, ಸದುದ್ದೇಶದ ಒಂದು ಸಣ್ಣ ಕ್ರಿಯೆಯ ಪರಿಣಾಮ ಎಷ್ಟು ದೂರ ಹೋಗಬಹುದೆಂಬುದು ಮನವರಿಕೆಯಾಗುತ್ತದೆ.

ಆರನೆಯದು ಪರಾಗ. ಇದು ಕಣ್ಣಿಗೆ ಕಾಣದ ಮಾರ್ಗ. ಎಕಿನೇಸಿಯ ಕುಲದ ಜಾತಿಗಳು ತಮ್ಮೊಳಗೆ ಸಂಕರಗೊಳ್ಳಬಲ್ಲವು. ತೋಟಗಳಲ್ಲಿ ಕಾಣುವ ಹಳದಿ, ಕಿತ್ತಳೆ ಬಣ್ಣದ ಎಕಿನೇಸಿಯಗಳು ಇಂತಹ ಸಂಕರದ ಫಲವೇ. ಪ್ರೇರಿಯೊಳಗೆ ಅದೇ ಕುಲದ ಕಾಡುಜಾತಿ ಇರುವಲ್ಲಿ ತೋಟದ ತಳಿಯ ಪರಾಗ ಅದರ ವಂಶವಾಹಿಗಳೊಡನೆ ಬೆರೆಯುವ ಸಾಧ್ಯತೆ ಇದೆ. ಗಿಡ ಬೇಲಿಯೊಳಗೇ ಉಳಿದರೂ ಅದರ ಪ್ರಭಾವ ಹೊರಗೆ ಹೋಗುತ್ತದೆ.

5. ಬೀಜ ಕಟ್ಟದ ತಳಿಯ ಭರವಸೆ

ಆಕ್ರಮಣಕಾರಿ ಜಾತಿಯಾದರೂ ‘ಬೀಜ ಕಟ್ಟದ ತಳಿ’ಯಾದುದರಿಂದ ನೆಡಬಹುದು ಎಂಬ ವಾದ ಹಲವು ಬಾರಿ ಕೇಳಿಬಂದಿದೆ. ಎರಡು ಸಸ್ಯಗಳ ಇತಿಹಾಸ ಈ ವಾದವನ್ನು ಪರೀಕ್ಷಿಸಲು ನೆರವಾಗುತ್ತದೆ.

ಪರ್ಪಲ್ ಲೂಸ್‌ಸ್ಟ್ರೈಫ್ ನಮ್ಮ ಮದರಂಗಿ ಮತ್ತು ಹೊಳೆದಾಸವಾಳಗಳ ಕುಟುಂಬದ ಸಸ್ಯ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಹಡಗುಗಳ ಭಾರಮಣ್ಣಿನೊಡನೆಯೂ, ತೋಟದ ಗಿಡವಾಗಿಯೂ ಅದು ಯೂರೋಪಿನಿಂದ ಅಮೆರಿಕಕ್ಕೆ ಬಂದಿತು. ಬಲಿತ ಒಂದು ಗಿಡ ವರ್ಷಕ್ಕೆ 20 ಲಕ್ಷಕ್ಕೂ ಮಿಕ್ಕ ಬೀಜಗಳನ್ನು ಕೊಡಬಲ್ಲದು. ಒದ್ದೆ ಪ್ರೇರಿ ಮತ್ತು ಜೌಗುಗಳಲ್ಲಿ ಅದು ಹರಡಿದ ಮೇಲೂ ‘ಮಾರ್ಡನ್ ಪಿಂಕ್’ ಮೊದಲಾದ ತಳಿಗಳು ಬೀಜ ಕಟ್ಟುವುದಿಲ್ಲವೆಂಬ ನಂಬಿಕೆಯಿಂದ ಮಾರಾಟ ಮುಂದುವರಿಯಿತು. ನಂಬಿಕೆಗೆ ಆಧಾರವಿಲ್ಲದಿರಲಿಲ್ಲ. ಈ ಜಾತಿಯಲ್ಲಿ ಶಲಾಕೆಯ ಉದ್ದವನ್ನು ಅನುಸರಿಸಿ ಮೂರು ಬಗೆಯ ಹೂಗಳಿವೆಯೆಂದೂ, ಒಂದು ಬಗೆಯ ಹೂವಿಗೆ ಬೇರೊಂದು ಬಗೆಯ ಹೂವಿನ ಪರಾಗ ಬೇಕೆಂದೂ ಚಾರ್ಲ್ಸ್ ಡಾರ್ವಿನ್ ಹತ್ತೊಂಬತ್ತನೆಯ ಶತಮಾನದಲ್ಲಿಯೇ ವಿವರಿಸಿದ್ದರು. ಒಂದೇ ಗಿಡದಿಂದ ವೃದ್ಧಿಪಡಿಸಿದ ತಳಿಯನ್ನು ಒಂಟಿಯಾಗಿ ಬೆಳೆಸಿದರೆ ಬೀಜ ಕಟ್ಟುವುದು ಅಪರೂಪ. ಆದರೆ ಹೊರಗಿನ ಜೌಗಿನಲ್ಲಿ ಬೇರೆ ಬಗೆಯ ಹೂಗಳಿದ್ದು, ಅವುಗಳ ಪರಾಗವನ್ನು ಜೇನುನೊಣ ತಂದರೆ ಅದೇ ತಳಿ ಬೀಜ ಕಟ್ಟುತ್ತದೆ. ಮಿನೆಸೋಟ ವಿಶ್ವವಿದ್ಯಾನಿಲಯದ ನೀಲ್ ಆಂಡರ್ಸನ್ ಮತ್ತು ಪೀಟರ್ ಆಷರ್ 1993ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಪ್ರಯೋಗಗಳಿಂದ ತೋರಿಸಿತು. ಮಿನೆಸೋಟ ರಾಜ್ಯ 1987ರಲ್ಲಿಯೇ ಈ ಸಸ್ಯವನ್ನು ಉಪದ್ರವಕಾರಿ ಕಳೆಯೆಂದು ಘೋಷಿಸಿತ್ತು. 1992ರಿಂದ ಅದರ ಎಲೆಯನ್ನು ತಿನ್ನುವ ಗೆಲೆರುಸೆಲ್ಲ ಜೀರುಂಡೆಗಳನ್ನು ಯೂರೋಪಿನಿಂದ ತಂದು ಬಿಡಲಾಗಿದೆ.

ಎರಡನೆಯದು ಕ್ಯಾಲರಿ ಪಿಯರ್ ಮರ. ಚೀನಾ ಮೂಲದ ಈ ಮರವನ್ನು ಅಮೆರಿಕಕ್ಕೆ ತಂದುದು ಹಣ್ಣಿನ ಪಿಯರ್ ಮರಗಳಿಗೆ ರೋಗನಿರೋಧಕ ಬೇರುಸಸಿಯಾಗಿ. ಇದರಿಂದ ಆಯ್ದ ‘ಬ್ರಾಡ್‌ಫರ್ಡ್’ ಎಂಬ ಅಲಂಕಾರದ ತಳಿಯನ್ನು ಅಲ್ಲಿನ ಕೃಷಿ ಇಲಾಖೆ 1963ರಲ್ಲಿ ಬಿಡುಗಡೆ ಮಾಡಿತು. ವಸಂತದ ಆರಂಭದಲ್ಲಿ ಬೆಳ್ಳಗೆ ಅರಳುವ ಈ ಮರ ಬಡಾವಣೆಗಳಲ್ಲಿ ಬಹು ಜನಪ್ರಿಯವಾಯಿತು. ತನ್ನದೇ ಪರಾಗದಿಂದ ಅದು ಕಾಯಿಕಟ್ಟದು. ಎಲ್ಲ ಬ್ರಾಡ್‌ಫರ್ಡ್ ಮರಗಳೂ ಕಸಿಯಿಂದ ಬಂದ ಒಂದೇ ತಳಿಯಾದುದರಿಂದ ಪರಸ್ಪರ ಪರಾಗದಿಂದಲೂ ಫಲಿಸವು. ಆದರೆ ಅದರ ಕೊಂಬೆಗಳು ಗಾಳಿಗೆ ಸೀಳುತ್ತವೆಂದು ‘ಅರಿಸ್ಟೋಕ್ರಾಟ್’, ‘ಚಾಂಟಿಕ್ಲಿಯರ್’ ಮೊದಲಾದ ಹೊಸ ತಳಿಗಳು ಬಂದವು. ಒಂದು ಮನೆಯ ಮುಂದೆ ಒಂದು ತಳಿ, ಪಕ್ಕದ ಮನೆಯ ಮುಂದೆ ಇನ್ನೊಂದು ತಳಿ ನಿಂತಾಗ ಅವುಗಳ ನಡುವೆ ಪರಾಗಸ್ಪರ್ಶವಾಗಿ ಹಣ್ಣಾಯಿತು. ಹಕ್ಕಿಗಳು ಬೀಜವನ್ನು ಬಯಲಿಗೆ ಒಯ್ದವು. ಪ್ರತ್ಯೇಕವಾಗಿ ನೋಡಿದರೆ ಯಾವ ಮನೆಯವರೂ ತಪ್ಪುಮಾಡಿರಲಿಲ್ಲ. ಬೆಂಕಿ ತಗುಲಿದರೂ ಬುಡದಿಂದ ಚಿಗುರುವ ಮರವಾದುದರಿಂದ ಪ್ರೇರಿಯ ಮುಖ್ಯ ಸಾಧನವೇ ಇದರ ಮುಂದೆ ಸೋಲುತ್ತದೆ. ಒಹಾಯೊ ರಾಜ್ಯದಲ್ಲಿ ಈ ಮರದ ಮಾರಾಟದ ಮೇಲೆ 2023ರ ಜನವರಿಯಿಂದ ನಿಷೇಧ ಜಾರಿಗೆ ಬಂದಿತು. ಬಿಡುಗಡೆಯಾಗಿ ಅಷ್ಟರಲ್ಲಿ 60 ವರ್ಷಗಳು ಕಳೆದಿದ್ದವು.

ಒಂದು ಸಸ್ಯ ತನ್ನ ಸ್ವಭಾವವನ್ನು ತೋರಲು ದಶಕಗಳೇ ಬೇಕಾಗಬಹುದು ಎಂಬುದೂ, ತೋಟದ ಸುರಕ್ಷತೆಯನ್ನು ಒಂದು ಗಿಡವನ್ನು ಮಾತ್ರ ನೋಡಿ ನಿರ್ಧರಿಸಲಾಗದು ಎಂಬುದೂ ಇವುಗಳಿಂದ ಸಿದ್ಧವಾಗುತ್ತದೆ.

6. ಆಯ್ಕೆಯ ಮಾನದಂಡಗಳು

ಮೇಲಿನ ಚರ್ಚೆಯ ಆಧಾರದ ಮೇಲೆ ಪ್ರೇರಿಯ ನೆರೆಯ ತೋಟಕ್ಕೆ ಗಿಡವನ್ನು ಆರಿಸುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆಗಳನ್ನು ಹೀಗೆ ಕ್ರೋಡೀಕರಿಸಬಹುದು.

(ಅ) ಇದೇ ಬಗೆಯ ಹವಾಗುಣವಿರುವ ಬೇರೆಡೆ ಈ ಸಸ್ಯ ತೋಟದಿಂದ ಹೊರಬಿದ್ದ ದಾಖಲೆಯಿದೆಯೇ? ಇರುವ ಪ್ರಶ್ನೆಗಳಲ್ಲಿ ಇದೇ ಹೆಚ್ಚು ವಿಶ್ವಸನೀಯವಾದುದು.

(ಆ) ಇದರ ಬೀಜವನ್ನು ಗಾಳಿ, ನೀರು ಅಥವಾ ಹಕ್ಕಿ ಒಯ್ಯುವುದೇ? ನೆಲದಡಿಯಲ್ಲಿ ಇದು ಹಬ್ಬುವುದೇ?

(ಇ) ಅಲ್ಲಿನ ಚಳಿಗಾಲವನ್ನು ಇದು ತಾಳಿಕೊಳ್ಳುವುದೇ?

(ಈ) ಪ್ರೇರಿಯಲ್ಲಿ ಇದರ ಕುಲಕ್ಕೆ ಸೇರಿದ ಕಾಡುಜಾತಿ ಇದೆಯೇ?

(ಉ) ಬೆಂಕಿಯ ನಂತರ ಇದು ಬುಡದಿಂದ ಚಿಗುರುವುದೇ?

ಮೊದಲ ಪ್ರಶ್ನೆಗೆ ಹೌದೆಂಬ ಉತ್ತರ ಬಂದರೆ ಉಳಿದವುಗಳ ವಿಚಾರ ಅನಗತ್ಯ. ಚಳಿಗಾಲದ ಪ್ರಶ್ನೆ ಆ ಪ್ರದೇಶದಲ್ಲಿ ನೆಲೆಸಿರುವ ಕನ್ನಡಿಗರಿಗೆ ನೇರವಾಗಿ ಸಂಬಂಧಿಸಿದ್ದು. ಅವರು ಕುಂಡಗಳಲ್ಲಿ ಬೆಳೆಸುವ ತುಳಸಿ, ಕರಿಬೇವು, ಮಲ್ಲಿಗೆಗಳೂ, ಬೇಸಗೆಯ ಬೆಳೆಯಾಗಿ ಬೆಳೆಯುವ ಬದನೆ, ಹೀರೆ, ಅವರೆಗಳೂ ಹೊರಗಿನ ಹಿಮಕ್ಕೆ ಸಿಕ್ಕರೆ ಉಳಿಯವು. ಹೀಗಾಗಿ ಉಷ್ಣವಲಯದ ಈ ಗಿಡಗಳು ಪ್ರೇರಿಗೆ ನಿರಪಾಯಕಾರಿ. ಅಪಾಯವಿರುವುದು ಶೀತವನ್ನು ತಾಳಬಲ್ಲ ಯೂರೋಪು ಮತ್ತು ಪೂರ್ವ ಏಷ್ಯಾದ ಸಸ್ಯಗಳಿಂದ.

ಬದಲಿ ಸಸ್ಯಗಳಿಗೆ ಕೊರತೆಯಿಲ್ಲ. ಮಿಸ್ಕಾಂಥಸ್‌ಗೆ ಬದಲಾಗಿ ಲಿಟ್ಲ್ ಬ್ಲೂಸ್ಟೆಮ್ ಅಥವಾ ಪ್ರೇರಿ ಡ್ರಾಪ್‌ಸೀಡ್ ಹುಲ್ಲುಗಳನ್ನು ಬೆಳೆಸಬಹುದು. ಇವು ಗುಂಪುಗುಂಪಾಗಿ ಬೆಳೆಯುವ, ಅಂಗಳಕ್ಕೆ ಒಪ್ಪುವ ಗಾತ್ರದವು. ಕ್ಯಾಲರಿ ಪಿಯರ್‌ನ ಬೆಳ್ಳನೆಯ ವಸಂತಪುಷ್ಪವನ್ನು ಬಯಸುವವರಿಗೆ ಸರ್ವಿಸ್‌ಬೆರಿ ಇದೆ. ಬರ್ನಿಂಗ್ ಬುಷ್‌ನ ಕೆಂಪೆಲೆಗೆ ಬದಲಾಗಿ ಕಪ್ಪು ಚೋಕ್‌ಬೆರಿ ಶರತ್ಕಾಲದಲ್ಲಿ ಬಣ್ಣ ಕೊಡುತ್ತದೆ. ಲೂಸ್‌ಸ್ಟ್ರೈಫ್‌ನ ನೇರಳೆ ತೆನೆಗೆ ಲಯಾಟ್ರಿಸ್ ಸಮನಾಗಿ ನಿಲ್ಲುತ್ತದೆ. ಕಿತ್ತಳೆ ಬಣ್ಣದ ಬಟರ್‌ಫ್ಲೈ ಮಿಲ್ಕ್‌ವೀಡ್ ನಮ್ಮ ಎಕ್ಕದ ಕುಟುಂಬದ್ದು. ಮಾನಾರ್ಕ್ ಚಿಟ್ಟೆಯ ಮರಿಹುಳುಗಳಿಗೆ ಮಿಲ್ಕ್‌ವೀಡ್‌ಗಳೇ ಆಹಾರ.

ಸ್ಥಳೀಯ ಸಸ್ಯಗಳನ್ನು ಆರಿಸುವಾಗಲೂ ಅಲಂಕಾರಕ್ಕಾಗಿ ಮಾರ್ಪಡಿಸಿದ ತಳಿಗಳಿಗಿಂತ ಅದೇ ಪ್ರದೇಶದ ಬೀಜದಿಂದ ಬೆಳೆಸಿದ ಸಸಿಗಳು ಮೇಲು. ಹಾಗೆಂದು ಪ್ರೇರಿಯಿಂದಲೇ ಗಿಡ ಕೀಳುವುದು, ಬೀಜ ಬಿಡಿಸುವುದು ಸಲ್ಲದು. ತೋಟದ ಕಸವನ್ನು ಬೇಲಿಯಾಚೆ ಎಸೆಯದಿರುವುದು, ಗೊಬ್ಬರ ಬೆರೆತ ನೀರು ಪ್ರೇರಿಗೆ ಹರಿಯದಂತೆ ನೋಡಿಕೊಳ್ಳುವುದು ಇವೂ ಆಯ್ಕೆಯಷ್ಟೇ ಮುಖ್ಯ. ಇದರಿಂದ ಪಿಯೋನಿಯನ್ನೋ ಅಜ್ಜಿಯ ಕಾಲದ ಗುಲಾಬಿಯನ್ನೋ ಕಿತ್ತೆಸೆಯಬೇಕೆಂದು ಅರ್ಥವಲ್ಲ. ಪ್ರತಿಯೊಂದನ್ನೂ ಮೇಲಿನ ಪ್ರಶ್ನೆಗಳಿಗೆ ಒಡ್ಡಿ ನೋಡಬೇಕು. ಗುಲಾಬಿಯೆಂಬ ಹೆಸರಿನಲ್ಲಿಯೇ ಏಷ್ಯಾದ ಮಲ್ಟಿಫ್ಲೋರ ಗುಲಾಬಿ ಅಲ್ಲಿ ಪ್ರಬಲ ಆಕ್ರಮಣಕಾರಿಯಾಗಿದೆ.

7. ಕನ್ನಡನಾಡಿನ ಅನುಭವ

ಈ ಸಮಸ್ಯೆ ನಮಗೆ ಅಪರಿಚಿತವಲ್ಲ. ಅಮೆರಿಕ ಖಂಡದ ಉಷ್ಣವಲಯದ ಲಂಟಾನ 19ನೆಯ ಶತಮಾನದ ಮೊದಲ ದಶಕದಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಅಲಂಕಾರದ ಗಿಡವಾಗಿ ಬಂದಿತು; ಇಂದು ಬಂಡೀಪುರ, ಬಿಳಿಗಿರಿರಂಗನಬೆಟ್ಟ, ಮಲೆಮಹದೇಶ್ವರಬೆಟ್ಟಗಳ ಕಾಡುಗಳಲ್ಲಿ ಅದು ನೆಲವನ್ನು ಆವರಿಸಿದೆ. ಹಳದಿ ಹೂವಿನ ಸೆನ್ನ ಸ್ಪೆಕ್ಟಬಿಲಿಸ್ ಎಂಬ ಮರವೂ ಅಂದಕ್ಕಾಗಿ ನೆಟ್ಟು ಕಾಡಿಗೆ ಹಬ್ಬಿದ್ದೇ. ಬಿಳಿಗಿರಿರಂಗನಬೆಟ್ಟದ ಸೋಲಿಗರು ಬೇಸಗೆಯ ಮೊದಲಲ್ಲಿ ಹಚ್ಚುತ್ತಿದ್ದ ‘ತರಗು ಬೆಂಕಿ’ ನಿಂತುಹೋದುದೂ ಲಂಟಾನದ ಹಬ್ಬುವಿಕೆಗೆ ಒಂದು ಕಾರಣವೆಂಬುದು ಅವರ ಅಭಿಪ್ರಾಯ. ಪ್ರೇರಿಯ ಮೂಲನಿವಾಸಿಗಳ ಬೆಂಕಿಯ ಬಳಕೆಯೊಡನೆ ಇದನ್ನು ಹೋಲಿಸಿ ನೋಡುವುದು ಉಪಯುಕ್ತ. ಹಳೆಯ ಮೈಸೂರು ಸೀಮೆಯ ಅಮೃತಮಹಲ್ ಕಾವಲುಗಳೂ ‘ಪಾಳುಭೂಮಿ’ ಎಂಬ ತಪ್ಪುಗ್ರಹಿಕೆಗೆ ತುತ್ತಾದ ಹುಲ್ಲುಭೂಮಿಗಳೇ ಆಗಿವೆ.

8. ಉಪಸಂಹಾರ

ಪ್ರೇರಿಯನ್ನು ಮತ್ತೆ ಬೆಳೆಸಲು ವಿಜ್ಞಾನಿಗಳೂ ಸ್ವಯಂಸೇವಕರೂ ಸುಮಾರು ತೊಂಬತ್ತು ವರ್ಷಗಳಿಂದ ಶ್ರಮಿಸಿದ್ದಾರೆ. ಉತ್ತ ನೆಲ ಮತ್ತೆ ಹುಲ್ಲುಗಾವಲಾಗಲು ತಲೆಮಾರುಗಳು ಬೇಕು. ಅದನ್ನು ಕೆಡಿಸಲು ಸಂತೆಯಲ್ಲಿ ಕೊಂಡ ಒಂದು ಬೀಜದ ಪೊಟ್ಟಣ ಸಾಕು. ಕಾನೂನಿನ ನಿಷೇಧ ಬಹುಪಾಲು ಹಾನಿಯಾದ ಮೇಲೆಯೇ ಬರುತ್ತದೆ ಎಂಬುದನ್ನು ಕ್ಯಾಲರಿ ಪಿಯರ್‌ನ ಉದಾಹರಣೆ ತೋರಿಸಿದೆ. ಆದಕಾರಣ ಗಿಡವನ್ನು ಕೊಳ್ಳುವ ಘಳಿಗೆಯಲ್ಲಿ ಗೃಹಸ್ಥನು ತೆಗೆದುಕೊಳ್ಳುವ ನಿರ್ಧಾರವೇ ಹುಲ್ಲುಗಾವಲಿನ ಮೊದಲ ರಕ್ಷಣೆ. ಹುಲ್ಲನ್ನು ಕಾಯುವ ಕೆಲಸ ಬೇಲಿಯ ಆಚೆ ಇರುವವರದಷ್ಟೇ ಅಲ್ಲ, ಈಚೆ ಇರುವವರದೂ ಹೌದು.